ಕಾಲುವೆಯ ಎಷ್ಟನೇ ಮೈಲಿ?

ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಕಾಶೆಯ ಮೇಲೆ ಗುರುತಿಸಿ, ಅದರ ಆಚೀಚೆ ಹೆಸರಿನ ಕೊನೆಗೆ ‘ಕ್ಯಾಂಪ್’ ಎಂದಿರುವ ಊರುಗಳಿಗೆಲ್ಲ ಒಂದೊಂದು ಚುಕ್ಕೆ ಇಡುತ್ತ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಚುಕ್ಕೆಗಳು ಒತ್ತೊತ್ತಾಗಿ ಕೂರುತ್ತವೆ; ಕಾಲುವೆ ಕೊನೆಯ ಕಡೆಗೆ ಇಳಿದಂತೆ ತೆಳುವಾಗುತ್ತವೆ. ಇವುಗಳಲ್ಲಿ ಹೆಚ್ಚಿನವು ಆಂಧ್ರದ ಕರಾವಳಿ ಜಿಲ್ಲೆಗಳಾದ ಕೃಷ್ಣಾ, ಗುಂಟೂರು, ಪೂರ್ವ ಮತ್ತು ಪಶ್ಚಿಮ ಗೋದಾವರಿಗಳಿಂದ 1950ರ ದಶಕದಿಂದೀಚೆಗೆ ಬಂದು, ಹೊಲ ಕೊಂಡು ನೆಲೆಸಿದ ಒಕ್ಕಲುಗಳ ಊರುಗಳು. ಇವರನ್ನು ಕುರಿತ ಮಾತು ನಮ್ಮಲ್ಲಿ ಹೆಚ್ಚಾಗಿ ಎರಡು ದಾರಿ ಹಿಡಿಯುತ್ತದೆ. ಶ್ರಮಪಟ್ಟು ಬೀಳು ನೆಲವನ್ನು ಭತ್ತದ ಕಣಜ ಮಾಡಿದರು ಎಂಬುದು ಒಂದು, ದುಡ್ಡಿನ ಬಲದಿಂದ ನಮ್ಮವರ ಹೊಲ ಅಗ್ಗಕ್ಕೆ ಹೊಡೆದುಕೊಂಡರು ಎಂಬುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ನೂರಾರು ಮೈಲಿ ದಾಟಿ ಬಂದವರು ಹೊಲ ಕೊಳ್ಳಲು ಇದೇ ಜಾಗವನ್ನು ಏಕೆ ಆರಿಸಿಕೊಂಡರು ಎಂಬ ಪ್ರಶ್ನೆಗೆ ಎರಡೂ ಉತ್ತರ ಕೊಡುವುದಿಲ್ಲ. ನನ್ನ ಉತ್ತರ ಇದು: ಮಾರಿದವರು ಮಣ್ಣಿಗೆ ಬೆಲೆ ಕಟ್ಟಿದರು, ಕೊಂಡವರು ಕಾಲುವೆಯ ಮೇಲೆ ಆ ಹೊಲಕ್ಕಿದ್ದ ಸ್ಥಾನಕ್ಕೆ ಬೆಲೆ ಕಟ್ಟಿದರು. ಆ ಸ್ಥಾನದ ಬೆಲೆ ಗೊತ್ತಾಗಬೇಕಾದರೆ ಕಾಲುವೆಯ ದಡದಲ್ಲಿ ಮೂರು ತಲೆಮಾರು ಬದುಕಿದ ಅನುಭವ ಬೇಕಿತ್ತು. ಅದು ಒಂದು ಪಕ್ಷಕ್ಕೆ ಮಾತ್ರ ಇತ್ತು.

ಅಣೆಕಟ್ಟಿನ ಕಥೆಯನ್ನು ಇಲ್ಲಿ ಅಗತ್ಯವಿದ್ದಷ್ಟೇ ಹೇಳಿದರೆ ಸಾಕು. ಬಳ್ಳಾರಿ ಸೀಮೆಯ ಬರಕ್ಕೆ ಪರಿಹಾರವಾಗಿ ತುಂಗಭದ್ರೆಗೆ ಕಟ್ಟೆ ಹಾಕುವ ಯೋಚನೆಯನ್ನು 1860ರಲ್ಲಿ ಮೊದಲು ಮುಂದಿಟ್ಟವರು ಸರ್ ಆರ್ಥರ್ ಕಾಟನ್. ನದಿಯ ಒಂದು ದಡ ಮದ್ರಾಸಿನದು, ಇನ್ನೊಂದು ದಡ ನಿಜಾಮನದು. ಇಬ್ಬರೂ ಒಪ್ಪುವ ಹೊತ್ತಿಗೆ ಎಂಬತ್ತೈದು ವರ್ಷ ಕಳೆದಿತ್ತು. 1945ರ ಫೆಬ್ರವರಿ 28ರಂದು ಒಂದು ದಡದಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್, ಇನ್ನೊಂದು ದಡದಲ್ಲಿ ನಿಜಾಮನ ಮಗ ಬೇರಾರಿನ ರಾಜಕುಮಾರ ಅಡಿಗಲ್ಲು ಹಾಕಿದರು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ನಮ್ಮ ವಾದಕ್ಕೆ ಮುಖ್ಯವಾದದ್ದು ಕಟ್ಟೆಗಿಂತ ಆ ಕಾಲುವೆಯ ಹಿಂದಿದ್ದ ಲೆಕ್ಕ. 227 ಕಿಲೋಮೀಟರ್, ಅಂದರೆ 141 ಮೈಲಿ ಉದ್ದದ ಎಡದಂಡೆ ಕಾಲುವೆಯನ್ನು ರೂಪಿಸಿದ್ದು ಬರದಿಂದ ಕಾಪಾಡಲು. ಸಮೃದ್ಧಿ ತರುವುದು ಆ ಲೆಕ್ಕದಲ್ಲಿರಲಿಲ್ಲ. ಇದ್ದ ನೀರನ್ನು ಆದಷ್ಟು ಹೆಚ್ಚು ಎಕರೆಗೆ ತೆಳುವಾಗಿ ಹರಡುವುದು, ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳು ಒಣಗದಂತೆ ನೋಡಿಕೊಳ್ಳುವುದು, ಭತ್ತ ಮತ್ತು ಕಬ್ಬಿಗೆ ಸಣ್ಣದೊಂದು ಪಾಲು ಮಾತ್ರ ಬಿಡುವುದು ಯೋಜನೆಯ ಉದ್ದೇಶ. ಇದಕ್ಕಾಗಿ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆಗೆ ನೀರು ಎಂದು ಮೊದಲೇ ಗೊತ್ತುಮಾಡಿ ಅಚ್ಚುಕಟ್ಟನ್ನು ಹಂಚಿದರು. ಈ ಹಂಚಿಕೆಯನ್ನು ನಂಬಿದರೆ ಕಾಲುವೆಯ ಐದನೇ ಮೈಲಿಗೂ ನೂರನೇ ಮೈಲಿಗೂ ವ್ಯತ್ಯಾಸವಿಲ್ಲ. ಎರಡೂ ಕಡೆ ಒಂದೇ ಜೋಳ, ಒಂದೇ ಅಳತೆಯ ನೀರು, ಒಂದೇ ಬೆಲೆಯ ಹೊಲ. ಕಾಗದದ ಮೇಲೆ ಕಾಲುವೆಗೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ.

ಈ ಕಾಗದವನ್ನು ಕೃಷ್ಣಾ-ಗೋದಾವರಿ ಮುಖಜಭೂಮಿಯವರು ಏಕೆ ನಂಬಲಿಲ್ಲ ಎಂಬುದು ಅವರ ಊರಿನ ಚರಿತ್ರೆಯಲ್ಲೇ ಇದೆ. ಧವಳೇಶ್ವರದಲ್ಲಿ ಗೋದಾವರಿಗೆ ಒಡ್ಡು ಮುಗಿದದ್ದು 1852ರಲ್ಲಿ, ಬೆಜವಾಡದಲ್ಲಿ ಕೃಷ್ಣೆಗೆ ಒಡ್ಡು ಮುಗಿದದ್ದು 1855ರಲ್ಲಿ. ಎರಡರ ಹಿಂದೆಯೂ ಇದ್ದವರು, ತುಂಗಭದ್ರೆಯ ಕನಸು ಕಂಡ ಅದೇ ಕಾಟನ್. ಅಂದರೆ ತುಂಗಭದ್ರಾ ಕಾಲುವೆಗೆ ಮೊದಲ ನೀರು ಬರುವಾಗ ಅಲ್ಲಿಯ ಒಕ್ಕಲಿಗೆ ನೂರು ವರ್ಷದ ಕಾಲುವೆ ಬದುಕು ಆಗಿಹೋಗಿತ್ತು. ನೀರು ಮೊದಲು ಯಾರ ಹೊಲ ಮುಟ್ಟುತ್ತದೆಯೋ ಅವರೇ ಅದರ ಯಜಮಾನರು, ಉಳಿದವರೆಲ್ಲ ಅರ್ಜಿದಾರರು ಎಂಬುದನ್ನು ಅಲ್ಲಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜೊತೆಗೆ ಅಲ್ಲಿ ನೆಲ ತುಂಬಿಹೋಗಿತ್ತು. ಹಿಸ್ಸೆಯ ಮೇಲೆ ಹಿಸ್ಸೆಯಾಗಿ ಹಿಡುವಳಿ ಸಣ್ಣದಾಗಿತ್ತು, ಎಕರೆಯ ಬೆಲೆ ಏರಿತ್ತು. ಹೊರಗೆ ಹೋಗಿ ಹೊಲ ಕೊಳ್ಳುವುದು ಅವರಿಗೆ ಹೊಸದೂ ಅಲ್ಲ. ಮಂಜೀರಾ ನದಿಗೆ ನಿಜಾಮ್‌ಸಾಗರ ಕಟ್ಟೆ 1931ರಲ್ಲಿ ಮುಗಿದಾಗ ಇದೇ ಜಿಲ್ಲೆಗಳಿಂದ ಒಕ್ಕಲುಗಳು ನಿಜಾಮಾಬಾದಿನ ಬೋಧನ, ವರ್ನಿ ಕಡೆಗೆ ಹೋಗಿ ನೆಲೆಸಿದ್ದವು. ಅಲ್ಲಿಯೂ ಸ್ಥಳೀಯರು ನೀರಿನ ಬಳಕೆಗೆ ನಿಧಾನವಾಗಿ ಒಗ್ಗಿಕೊಳ್ಳುತ್ತಿದ್ದರು, ಹೊಲ ಅಗ್ಗವಾಗಿತ್ತು. ತುಂಗಭದ್ರೆಗೆ ಬಂದವರು ಕತ್ತಲಲ್ಲಿ ಕೈಯಾಡಿಸುತ್ತ ಬಂದವರಲ್ಲ. ಒಮ್ಮೆ ಆಡಿ ಗೆದ್ದ ಆಟವನ್ನು ಅವರ ನೆಂಟರಿಷ್ಟರಲ್ಲಿ ಕೆಲವರಾದರೂ ಹತ್ತಿರದಿಂದ ನೋಡಿದ್ದರು.

ಮಾರಿದವರ ಕಡೆಯ ತರ್ಕವನ್ನು ಅಷ್ಟೇ ಗೌರವದಿಂದ ನೋಡಬೇಕು. ಇದುವರೆಗಿನ ಬರಹಗಳಲ್ಲಿ ಅದಕ್ಕೆ ಸಿಕ್ಕಿರುವ ಜಾಗ ಕಡಿಮೆ. ರಾಯಚೂರು ದೋ-ಆಬಿನ ರೈತ ದಡ್ಡನೂ ಅಲ್ಲ, ಸೋಮಾರಿಯೂ ಅಲ್ಲ. ಅವನ ಎರೆ ಹೊಲವನ್ನು ಹತ್ತಿರದಿಂದ ನೋಡಿದರೆ ಅವನು ಏಕೆ ಕಾಲುವೆಗೆ ಹಿಂಜರಿದ ಎಂಬುದು ತಿಳಿಯುತ್ತದೆ. ಬೇಸಿಗೆಯಲ್ಲಿ ಎರೆ ಮಣ್ಣು ಅಂಗೈ ತೂರುವಷ್ಟು ಅಗಲಕ್ಕೆ ಬಿರಿಯುತ್ತದೆ, ಬಿರುಕು ಮೊಣಕಾಲುದ್ದಕ್ಕೂ ಇಳಿಯುತ್ತದೆ. ಮಳೆಗಾಲದ ನೀರು ಆ ಬಿರುಕುಗಳಲ್ಲಿ ಇಳಿದು ಮಣ್ಣು ಉಬ್ಬಿ ಮುಚ್ಚಿಕೊಂಡರೆ ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಒಡ್ಡು ಹಾಕಿ ಮಳೆನೀರು ನಿಲ್ಲಿಸಿ, ಕುಂಟೆ ಹೊಡೆದು ಮೇಲಿನ ಪದರ ಪುಡಿಮಾಡಿ, ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬಿತ್ತಿದರೆ ಮುಂದೆ ಹನಿ ಮಳೆ ಬೀಳದಿದ್ದರೂ ಬೆಳೆ ಕೈಸೇರುತ್ತದೆ. ಮಣ್ಣೇ ಕೆರೆಯಾಗಿ ಕೆಲಸ ಮಾಡುವ ಬೇಸಾಯ ಇದು. ಅಂಥ ಹೊಲಕ್ಕೆ ಕಾಲುವೆ ನೀರು ಬಿಟ್ಟರೆ ಅದು ಇಂಗದೆ ನಿಲ್ಲುತ್ತದೆ, ಬೇರು ಕೊಳೆಯುತ್ತದೆ, ಕೆಲವು ವರ್ಷಕ್ಕೆ ಸವಳು ಮೇಲೇಳುತ್ತದೆ ಎಂಬ ಭಯ ಅವನಿಗಿತ್ತು. ಇದರಲ್ಲಿ ಅವನು ಎಷ್ಟು ಸರಿಯಾಗಿದ್ದ ಎಂಬುದು ಆಮೇಲೆ ಗೊತ್ತಾಯಿತು. ಇಳಿಜಾರು ಹೊಲವನ್ನು ಮಟ್ಟಮಾಡಿ, ಬದುವಿನ ಮೇಲೆ ಬದು ಕಟ್ಟಿ ಗದ್ದೆ ಮಾಡುವ ಖರ್ಚು ಬೇರೆ. ಅದಕ್ಕೆ ಬೇಕಾದ ಸಾಲವಾಗಲಿ ಕೂಲಿಯಾಗಲಿ ಅವನ ಕೈಯಲ್ಲಿರಲಿಲ್ಲ. ದೊಡ್ಡ ಹಿಡುವಳಿದಾರರ ಚಿಂತೆ ಇನ್ನೊಂದು ತರದ್ದು. 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಹೈದರಾಬಾದ್ ಸಂಸ್ಥಾನದ ಜಹಗೀರುಗಳು 1949ರಲ್ಲಿ ರದ್ದಾದವು. 1950ರ ಗೇಣಿ ಕಾನೂನು ಗೇಣಿದಾರನಿಗೆ ರಕ್ಷಣೆ ಕೊಟ್ಟಿತು. ಊರಲ್ಲಿ ಕೂತು ಗೇಣಿ ಎಣಿಸುತ್ತಿದ್ದವರಿಗೆ ಹೊಲ ಇಟ್ಟುಕೊಳ್ಳುವುದಕ್ಕಿಂತ ರೊಕ್ಕ ಮಾಡಿಕೊಳ್ಳುವುದೇ ಕ್ಷೇಮವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. 1957ರಲ್ಲಿ ಮೈಸೂರು ಸರ್ಕಾರ ನೀರಾವರಿಯಿಂದ ಬೆಲೆ ಏರಿದ ಭೂಮಿಯ ಮೇಲೆ ಅಭಿವೃದ್ಧಿ ಕರ ಹಾಕುವ ಕಾನೂನನ್ನೂ ತಂದಿತು. ಇನ್ನೂ ಬಾರದ ಲಾಭಕ್ಕೆ ಕರದ ಚೀಟಿ ಮೊದಲೇ ಬರುವುದಾದರೆ, ಮಾರುವ ಕೈ ಇನ್ನಷ್ಟು ಬೇಗ ಮುಂದೆ ಬರುತ್ತದೆ.

ಈಗ ಕೊಳ್ಳುವವನು ಹೊಲದ ಮೇಲೆ ನಿಂತು ಏನು ನೋಡಬೇಕಿತ್ತು ಎಂಬುದನ್ನು ವಿವರವಾಗಿ ಗಮನಿಸೋಣ, ಏಕೆಂದರೆ ಇಡೀ ವಾದ ನಿಂತಿರುವುದು ಇಲ್ಲಿ. ಮೊದಲನೆಯದು ಮುಖ್ಯ ಕಾಲುವೆಯ ಮೈಲಿ. ಎರಡನೆಯದು, ಅಷ್ಟೇ ಮುಖ್ಯವಾದದ್ದು, ವಿತರಣಾ ನಾಲೆಯಲ್ಲಿ ಆ ಹೊಲದ ತೂಬು ಎಷ್ಟನೆಯದು ಎಂಬುದು. ಮುಖ್ಯ ಕಾಲುವೆಯ ಮೇಲ್ಭಾಗದಲ್ಲಿದ್ದೂ ನಾಲೆಯ ಬಾಲದಲ್ಲಿದ್ದರೆ ಪ್ರಯೋಜನವಿಲ್ಲ. ಕಾಲುವೆಯ ನಡುಭಾಗದಲ್ಲಿದ್ದೂ ನಾಲೆಯ ಮೊದಲ ತೂಬಿನಲ್ಲಿದ್ದರೆ ಬದುಕಬಹುದು. ಮೂರನೆಯದು ಮಟ್ಟ. ನಾಲೆಯ ತಳಕ್ಕಿಂತ ಹೊಲ ತಗ್ಗಿನಲ್ಲಿದ್ದರೆ ತೂಬು ಅರ್ಧ ಮುಚ್ಚಿದರೂ ನೀರು ನುಗ್ಗುತ್ತದೆ. ದಿಣ್ಣೆಯ ಮೇಲಿದ್ದರೆ ನಾಲೆ ತುಂಬಿ ಹರಿದಾಗ ಮಾತ್ರ ಏರುತ್ತದೆ. ನಾಲ್ಕನೆಯದು ಹಳ್ಳ. ಹೊಲದ ಒಂದು ಮಗ್ಗುಲಲ್ಲಿ ಹಳ್ಳವಿದ್ದರೆ ಹೆಚ್ಚಾದ ನೀರು ಬಸಿದುಹೋಗಲು ದಾರಿ, ಮೇಲಿನ ಗದ್ದೆಗಳ ಬಸಿನೀರು ಹಳ್ಳದಲ್ಲಿ ಹರಿದರೆ ಅದನ್ನು ಮೇಲೆತ್ತಿಕೊಳ್ಳಲೂ ಅನುಕೂಲ. ಮಣ್ಣು ಬರುವುದು ಇದೆಲ್ಲದರ ನಂತರ. ಮಾರುವವನ ಲೆಕ್ಕದಲ್ಲಿ ಇದು ಸರಿಯಾಗಿ ತಲೆಕೆಳಗು: ಒಳ್ಳೆಯ ಎರೆ, ಸಮತಟ್ಟು ನೆಲ, ಊರಿಗೆ ಹತ್ತಿರ ಎಂಬುದೇ ಅವನಿಗೆ ಬೆಲೆಯ ಗುರುತು. ತಗ್ಗಿನ ಜೌಗು ಹೊಲ, ಹಳ್ಳದ ಮಗ್ಗುಲ ಮುಳ್ಳುಕಂಟಿಯ ಹೊಲ, ಊರಿಂದ ದೂರದ ಹೊಲ ಅವನಿಗೆ ಕೊಟ್ಟುಬಿಡಬಹುದಾದದ್ದು. ಅಂದರೆ ಒಬ್ಬನ ಪಟ್ಟಿಯ ಕೊನೆಯಲ್ಲಿದ್ದದ್ದು ಇನ್ನೊಬ್ಬನ ಪಟ್ಟಿಯ ಮೊದಲಲ್ಲಿತ್ತು. ಡೆಲ್ಟಾದಲ್ಲಿ ಒಂದು ಎಕರೆ ಮಾರಿದ ಹಣಕ್ಕೆ ಇಲ್ಲಿ ಹಲವು ಎಕರೆ ಬಂದದ್ದು ಈ ತಲೆಕೆಳಗಾದ ಲೆಕ್ಕದಿಂದಲೂ ಹೌದು. ಹಳೆಯ ಊರುಗಳಲ್ಲಿ ಮನೆ ಹುಡುಕದೆ ಕೊಂಡ ಹೊಲದ ಪಕ್ಕದಲ್ಲೇ, ನಾಲೆಯ ದಂಡೆಗೆ ಗುಡಿಸಲು ಹಾಕಿಕೊಂಡು ಕ್ಯಾಂಪು ಕಟ್ಟಿಕೊಂಡದ್ದಕ್ಕೂ ಕಾರಣ ಇದೇ ಇರಬೇಕು. ರಾತ್ರಿ ಎರಡು ಗಂಟೆಗೆ ತೂಬಿನಲ್ಲಿ ನೀರು ಇಳಿಯಿತೆಂದರೆ ಅಲ್ಲಿಗೆ ನಡೆದು ಹೋಗುವಷ್ಟು ಹತ್ತಿರ ಇರಬೇಕಲ್ಲ.

ರಾಜ್ಯದ ಗಡಿ ಇವರ ಆಯ್ಕೆಯಲ್ಲಿ ಎಷ್ಟು ಮಟ್ಟಿಗೆ ಲೆಕ್ಕಕ್ಕೆ ಬಂತು? ಇಂದು ಹಿಂದಿರುಗಿ ನೋಡುವವರಿಗೆ ಇದು ಆಂಧ್ರದಿಂದ ಕರ್ನಾಟಕಕ್ಕೆ ಆದ ವಲಸೆ. ಆದರೆ ಮೊದಮೊದಲು ಬಂದವರಿಗೆ ತಾವು ಯಾವ ರಾಜ್ಯದಲ್ಲಿ ಹೊಲ ಕೊಳ್ಳುತ್ತಿದ್ದೇವೆ ಎಂಬುದೇ ಖಚಿತವಿರಲಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಪಾಲಾಗಿ, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು, ಉಳಿದವು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿನ ತಕರಾರು ಬಗೆಹರಿಸಲು ನ್ಯಾಯಮೂರ್ತಿ ಮಿಶ್ರ ಅವರ ವರದಿ ಬೇಕಾಯಿತು. ಎಡದಂಡೆ ಮಾತ್ರ ಇನ್ನೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರಿಗೆ ಸೇರಿತು, ಅದರಲ್ಲಿದ್ದ ಗದ್ವಾಲ ಮತ್ತು ಆಲಂಪುರ ಆಂಧ್ರಪ್ರದೇಶಕ್ಕೆ ಹೋದವು. ಹೊಲ ಕೊಂಡವರ ಕಾಲ ಕೆಳಗೆ ರಾಜ್ಯವೇ ಬದಲಾಯಿತು, ಹೊಲ ಮಾತ್ರ ಇದ್ದಲ್ಲೇ ಇತ್ತು. ಗಡಿಯನ್ನು ನೋಡಿ ಆರಿಸಿದ್ದರೆ ಈ ಅನಿಶ್ಚಿತತೆಯೇ ಅವರನ್ನು ತಡೆಯಬೇಕಿತ್ತು. 1956ರ ನಂತರವೂ ವಲಸೆ ನಿಲ್ಲಲಿಲ್ಲ ಎಂಬುದು ಇನ್ನೂ ಬಲವಾದ ಸಾಕ್ಷಿ.

ಹಾಗೆಂದು ಯಾವ ರಾಜ್ಯವಾದರೂ ಒಂದೇ ಎನ್ನಲಾಗದು. ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ: ಭೂಮಿಯ ಕಾನೂನು ಆಯಾ ರಾಜ್ಯದ್ದು, ಅದು ಬಾಗಿಲು ಮುಚ್ಚಿದ್ದರೆ ಕಾಲುವೆ ಜ್ಞಾನ ಇಟ್ಟುಕೊಂಡು ಏನು ಮಾಡುವುದು? ಗುಜರಾತಿನ ಕಛ್ ಈ ಆಕ್ಷೇಪಕ್ಕೆ ಸಿಗುವ ಒಳ್ಳೆಯ ಉದಾಹರಣೆ. 1965ರ ಯುದ್ಧದ ನಂತರ ಗಡಿ ಪ್ರದೇಶದಲ್ಲಿ ಬೇಸಾಯಕ್ಕೆ ಬಂದು ನೆಲೆಸಿದ ಪಂಜಾಬಿನ ಸಿಖ್ ರೈತರ ಭೂಮಿ ಖಾತೆಗಳನ್ನು 2010ರಲ್ಲಿ ಜಿಲ್ಲಾಡಳಿತ ತಡೆಹಿಡಿಯಿತು; ಮುಂಬೈ ಪ್ರಾಂತದ ಕಾಲದಿಂದ ಬಂದ ಗೇಣಿ ಕಾನೂನಿನ ಪ್ರಕಾರ ಹೊರ ರಾಜ್ಯದ ರೈತ ಗುಜರಾತಿನಲ್ಲಿ ರೈತನಲ್ಲ ಎಂಬುದು ಅದರ ವಾದ. 2012ರಲ್ಲಿ ಹೈಕೋರ್ಟು ರೈತರ ಪರ ತೀರ್ಪು ಕೊಟ್ಟರೂ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮಲ್ಲಿ 1961ರ ಭೂಸುಧಾರಣಾ ಕಾಯಿದೆ 1965ರಲ್ಲಿ ಜಾರಿಗೆ ಬಂದು, 1974ರ ತಿದ್ದುಪಡಿಯಲ್ಲಿ ಬಿಗಿಯಾಯಿತು. ಅದು ತಡೆದದ್ದು ಬೇಸಾಯಗಾರನಲ್ಲದವನನ್ನು. ಬೇಸಾಯಗಾರ ಯಾವ ರಾಜ್ಯದವನು ಎಂದು ಅದು ಕೇಳಲಿಲ್ಲ. ಬೆಂಗಳೂರಿನ ವ್ಯಾಪಾರಿ ಸಿಂಧನೂರಿನಲ್ಲಿ ಹೊಲ ಕೊಳ್ಳುವುದಕ್ಕೆ ಅಡ್ಡಿಯಾಗಬಹುದಾಗಿದ್ದ ಕಾನೂನು ಗುಡಿವಾಡದ ರೈತನಿಗೆ ಅಡ್ಡಿಯಾಗಲಿಲ್ಲ. ಆದ್ದರಿಂದ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ: ಕಾನೂನು ಬಾಗಿಲು ತೆರೆದಿತ್ತು, ಅದು ಅವರ ಅದೃಷ್ಟ. ಆದರೆ ತೆರೆದ ಬಾಗಿಲಿನ ಒಳಗೆ ಎಲ್ಲಿ ಕೂರಬೇಕು ಎಂಬುದನ್ನು ಕಾನೂನು ಹೇಳಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬಂಡವಾಳದ್ದು. ಕಾಲುವೆ ಜ್ಞಾನ ಗೀನ ಎಲ್ಲ ದೊಡ್ಡ ಮಾತು, ಕೈಯಲ್ಲಿ ಕಾಸಿತ್ತು, ಕೊಂಡರು, ಅಷ್ಟೇ ಎನ್ನುವವರಿದ್ದಾರೆ. ಕಾಸಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಹೊಲ ಮಟ್ಟ ಮಾಡಿಸಲು, ಆಳು ಕರೆತರಲು, ಗೊಬ್ಬರ ಹಾಕಲು, ಒಂದೆರಡು ವರ್ಷ ಬೆಳೆ ಕೈಕೊಟ್ಟರೂ ತಾಳಿಕೊಳ್ಳಲು ಅದು ಬೇಕೇಬೇಕಿತ್ತು. ಆದರೆ ಬರೀ ಕಾಸು ಇದ್ದವರು ಹೊಲವನ್ನು ಹೀಗೆ ಒಂದೇ ಕಡೆ ಗುಂಪಾಗಿ ಕೊಳ್ಳುವುದಿಲ್ಲ. ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳುತ್ತಾರೆ. ಅಗ್ಗವೇ ಮುಖ್ಯವಾಗಿದ್ದರೆ ಕಾಲುವೆಯ ಕೊನೆಯ ಮೈಲಿಗಳು, ಇಲ್ಲವೆ ಕಾಲುವೆಯಾಚೆಯ ಲಿಂಗಸುಗೂರು, ದೇವದುರ್ಗದ ಒಣ ಹೊಲಗಳು ಇನ್ನೂ ಅಗ್ಗವಾಗಿದ್ದವು. ನೆಂಟಸ್ತನದ ವಾದವೂ ಇದೆ: ಮೊದಲು ಬಂದವನು ಅಣ್ಣತಮ್ಮಂದಿರನ್ನು ಕರೆಸಿಕೊಂಡ, ಅವರು ಭಾವಮೈದುನರನ್ನು ಕರೆಸಿಕೊಂಡರು, ಕ್ಯಾಂಪು ಬೆಳೆಯಿತು. ಎರಡನೆಯವನು ಏಕೆ ಬಂದ ಎಂಬುದಕ್ಕೆ ಇದು ಒಪ್ಪುವ ಉತ್ತರ. ಮೊದಲನೆಯವನು ಏಕೆ ಅಲ್ಲೇ ನಿಂತ ಎಂಬುದಕ್ಕೆ ಉತ್ತರವಲ್ಲ. ಸಿಂಧನೂರು ತಾಲ್ಲೂಕಿನಲ್ಲೇ ಇದಕ್ಕೆ ಹೋಲಿಸಿ ನೋಡಬಹುದಾದ ಇನ್ನೊಂದು ಗುಂಪಿದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಅಲ್ಲಿ ಪುನರ್ವಸತಿ ಕ್ಯಾಂಪುಗಳನ್ನು ಕಟ್ಟಿತು. ಅವು ಇಂದಿಗೂ ಆರ್‌.ಎಚ್. ಕ್ಯಾಂಪ್ ಒಂದು, ಎರಡು ಎಂಬ ನಂಬರಿನಲ್ಲೇ ಇವೆ. ಅವರೂ ಭತ್ತದ ನಾಡಿನವರೇ, ನೀರಿನ ನಡುವೆ ಹುಟ್ಟಿದವರೇ. ಆದರೆ ಅವರು ಜಾಗ ಆರಿಸಲಿಲ್ಲ, ಕೊಟ್ಟಲ್ಲಿ ಇಳಿದರು. ಒಂದೇ ತಾಲ್ಲೂಕಿನಲ್ಲಿ ಆರಿಸಿ ಬಂದವರ ಕ್ಯಾಂಪುಗಳಿಗೆ ರೈಸ್ ಮಿಲ್ಲುಗಳ ಹೆಸರೂ, ಕೊಟ್ಟಲ್ಲಿ ಇಳಿದವರ ಕ್ಯಾಂಪುಗಳಿಗೆ ಕಚೇರಿಯ ನಂಬರೂ ಅಂಟಿಕೊಂಡಿರುವುದಕ್ಕೆ ಬಂಡವಾಳದ ಜೊತೆಗೆ ಆಯ್ಕೆಯ ಸ್ವಾತಂತ್ರ್ಯವನ್ನೂ ಕಾರಣವಾಗಿ ಸೇರಿಸಬೇಕು.

ಭತ್ತವನ್ನು ಇಲ್ಲಿಗೆ ತಂದವರೇ ಅವರು ಎಂಬ ಮಾತನ್ನೂ ಇಲ್ಲೇ ತಿದ್ದಬೇಕು. ಹಂಪಿ, ಆನೆಗೊಂದಿ, ಗಂಗಾವತಿಯ ಸುತ್ತ ವಿಜಯನಗರದ ಕಾಲದ ನಾಲೆಗಳ ಕೆಳಗೆ ಶತಮಾನಗಳಿಂದ ಭತ್ತ, ಬಾಳೆ, ಕಬ್ಬು ಬೆಳೆಯುತ್ತಿದ್ದವು. ತುರ್ತು ಕಾಲುವೆ, ಬಸವಣ್ಣ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಆ ನಾಲೆಗಳ ಕೆಳಗಿನ ಸ್ಥಳೀಯ ರೈತರು ಕಾಲುವೆ ಬದುಕನ್ನು ಕೃಷ್ಣಾ ಜಿಲ್ಲೆಯವರಿಗಿಂತ ಮುಂಚಿನಿಂದ ಬಲ್ಲವರು. ಅವರೇ ಏಕೆ ಮುಂದೆ ಹೋಗಿ ಸಿಂಧನೂರಿನ ಮೇಲ್ಭಾಗದ ಹೊಲಗಳನ್ನು ಕೊಳ್ಳಲಿಲ್ಲ? ಇಲ್ಲಿ ಬಂಡವಾಳದ ಆಕ್ಷೇಪ ಮತ್ತೆ ತಲೆಯೆತ್ತುತ್ತದೆ, ಅದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಬಹುಶಃ ಡೆಲ್ಟಾದಲ್ಲಿ ಇದ್ದಂಥ ಮಾರಬಹುದಾದ ದುಬಾರಿ ಎಕರೆ ಅವರ ಬಳಿ ಇರಲಿಲ್ಲ, ಹೊರಗೆ ತಳ್ಳುವ ಒತ್ತಡವೂ ಇರಲಿಲ್ಲ. ಜ್ಞಾನವಿದ್ದು ಕಾಸಿಲ್ಲದಿದ್ದರೆ ಆಗದು, ಕಾಸಿದ್ದು ಜ್ಞಾನವಿಲ್ಲದಿದ್ದರೆ ಬಾಲದಲ್ಲಿ ಹೊಲ ಕೊಳ್ಳುತ್ತೀರಿ.

ಇನ್ನು ನೈತಿಕ ಆಕ್ಷೇಪ. ಮೇಲ್ಭಾಗದಲ್ಲಿ ಹೊಲ ಕೊಳ್ಳುವುದರ ಲಾಭ ಬರುವುದು, ಅರೆ ನೀರಾವರಿಗೆ ಗೊತ್ತಾದ ಹೊಲದಲ್ಲಿ ಭತ್ತ ನಾಟಿ ಮಾಡಿದರೆ ಮಾತ್ರ. ಜೋಳಕ್ಕೆ ಬೇಕಾದುದರ ಎರಡು ಮೂರು ಪಟ್ಟು ನೀರನ್ನು ಭತ್ತ ಕುಡಿಯುತ್ತದೆ. ಆ ಹೆಚ್ಚಿನ ನೀರು ಕೆಳಗಿನವನ ಪಾಲಿನಿಂದ ಬರಬೇಕು. ಹೊಲ ಕೊಂಡ ಬೆಲೆಯಲ್ಲೇ ಈ ಉಲ್ಲಂಘನೆಯ ಲೆಕ್ಕ ಸೇರಿತ್ತು ಎಂದರೆ ಕಠೋರವಾಗಿ ಕೇಳಿಸಬಹುದು, ಆದರೆ ನನ್ನ ವಾದದಿಂದ ಹುಟ್ಟುವ ತೀರ್ಮಾನ ಅದೇ. ಎಡದಂಡೆ ಕಾಲುವೆಯ ಮೇಲೆ ವರ್ಷಗಟ್ಟಲೆ ಅಧ್ಯಯನ ಮಾಡಿದ ನೆದರ್‌ಲ್ಯಾಂಡ್ಸ್‌ನ ಸಂಶೋಧಕ ಪೀಟರ್ ಮೊಲಿಂಗ ತಮ್ಮ ಗ್ರಂಥದಲ್ಲಿ ತೋರಿಸಿದ್ದೂ, ವಲಸಿಗರ ನೆಲೆ ಮತ್ತು ಮೇಲ್ಭಾಗದ ನೀರಿನ ಹಿಡಿತ ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದನ್ನು. ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆ ತಡೆ ಮಾಡುವುದು, 69ನೇ ಮೈಲಿ, 104ನೇ ಮೈಲಿಯ ಗೇಜಿನಲ್ಲಿ ಎಷ್ಟು ಅಡಿ ನೀರಿದೆ ಎಂದು ಅಧಿಕಾರಿಗಳೊಂದಿಗೆ ಜಗಳವಾಡುವುದು ಪತ್ರಿಕೆ ಓದುವವರಿಗೆ ಹೊಸದಲ್ಲ. ಆದರೆ ಇಡೀ ಹೊರೆಯನ್ನು ವಲಸಿಗರ ತಲೆಗೆ ಕಟ್ಟುವುದಕ್ಕೆ ಎರಡು ಅಡ್ಡಿಗಳಿವೆ. ಮೇಲ್ಭಾಗದ ಸ್ಥಳೀಯ ರೈತರೂ ಬಹಳ ಬೇಗ ಭತ್ತಕ್ಕೆ ಇಳಿದರು. ಸ್ಥಾನ ಸಿಕ್ಕಿದರೆ ಅದರ ಲಾಭ ಪಡೆಯುವುದರಲ್ಲಿ ಕನ್ನಡ ತೆಲುಗು ಎಂಬ ಭೇದ ಕಾಣಲಿಲ್ಲ. ಎರಡನೆಯದಾಗಿ, ಬೆಳೆ ಗೊತ್ತುಮಾಡಿದ ಇಲಾಖೆಗೆ ಅದನ್ನು ಜಾರಿಮಾಡುವ ಕೈ ಇರಲಿಲ್ಲ. ಉಲ್ಲಂಘನೆಗೆ ದಂಡದ ದರ ಇತ್ತು, ತೂಬಿಗೆ ಬೀಗವೂ ಇತ್ತು. ಬೀಗದ ಕೈ ಯಾರ ಬಳಿ ಇದ್ದರೂ ನೀರು ಮೇಲ್ಭಾಗದಲ್ಲೇ ನಿಂತಿತು. ಎಲ್ಲರಿಗೂ ತೆಳುವಾಗಿ ಹಂಚುತ್ತೇನೆ ಎಂದು ಕಟ್ಟಿದ ಕಾಲುವೆ, ಹಂಚುವ ವ್ಯವಸ್ಥೆಯನ್ನು ಕಟ್ಟದೆ ಬಿಟ್ಟಿತು. ಅದು ಹೀಗೇ ಆಗುತ್ತದೆ ಎಂದು ಮುಂಚೆಯೇ ಊಹಿಸಿದವರು ಹೊಲ ಕೊಂಡರು.

ಊಹೆ ಎಲ್ಲ ಕಡೆ ಫಲಿಸಲಿಲ್ಲ. ಎರೆ ಮಣ್ಣಿಗೆ ನೀರು ಕಟ್ಟಿದರೆ ಸವಳೇಳುತ್ತದೆ ಎಂಬ ಹಳೆಯ ರೈತನ ಭಯ ತಗ್ಗಿನ ಹೊಲಗಳಲ್ಲಿ ನಿಜವಾಯಿತು. ನೀರು ತಾನಾಗಿ ನುಗ್ಗುತ್ತದೆ ಎಂದು ಕೊಂಡ ಅದೇ ತಗ್ಗಿನಲ್ಲಿ ಮೇಲಿನ ಗದ್ದೆಗಳ ಬಸಿನೀರು ಬಂದು ನಿಂತು, ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಉಪ್ಪಿನ ಪದರ ಕಟ್ಟಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು-ಜವಳು ಭೂಮಿಯ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿರುವುದು ಈ ಕಾರಣಕ್ಕೆ. ಹಳ್ಳದ ಮಗ್ಗುಲು ಆರಿಸಿಕೊಂಡವರು ಉಳಿದರು, ಬಸಿಗಾಲುವೆ ಇಲ್ಲದ ತಗ್ಗು ಹಿಡಿದವರು ಸೋತರು. ಕಟ್ಟೆಯ ಹೂಳನ್ನಂತೂ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105 ಟಿಎಂಸಿ. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ, ಮೇಲ್ಭಾಗದ ಸ್ಥಾನಕ್ಕೂ ಒಂದು ಮೇಲ್ಭಾಗವಿದೆ, ಅದು ಕಟ್ಟೆ ಎಂಬುದು ಎಲ್ಲರಿಗೂ ಅರಿವಾಯಿತು. ಇವೆಲ್ಲ ನನ್ನ ವಾದವನ್ನು ಅಲ್ಲಗಳೆಯುವುದಿಲ್ಲ, ಆದರೆ ಅದಕ್ಕೊಂದು ಅಂಚು ಹಾಕುತ್ತವೆ: ನೀರಿನ ಹಂಚಿಕೆಯ ರಾಜಕೀಯವನ್ನು ಅವರು ಚೆನ್ನಾಗಿ ಓದಿದರು, ಮಣ್ಣಿನ ರಸಾಯನವನ್ನು ಅಷ್ಟು ಚೆನ್ನಾಗಿ ಓದಲಿಲ್ಲ. ಅದನ್ನು ಓದಬಲ್ಲವನು ಹೊಲ ಮಾರಿದವನು. ಇಬ್ಬರೂ ಕೂಡಿ ಕೂತು ಮಾತಾಡುವ ಸಂದರ್ಭ ನೋಂದಣಿ ಕಚೇರಿಯಲ್ಲಿ ಬರುವುದಿಲ್ಲ.

ಮಾರುವವರು ಕಲಿತದ್ದು ಗೊತ್ತಾಗುವುದು ಇದರ ಮುಂದಿನ ಅಧ್ಯಾಯದಲ್ಲಿ. 1980ರ ದಶಕದಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಕಡೆಗೆ ನೀರು ಒಯ್ದಾಗ ಆಂಧ್ರದ ರೈತರು ಅಲ್ಲಿಗೂ ಬಂದರು. ಅಲ್ಲೂ ಅರೆ ನೀರಾವರಿಯ ಕಾಗದ, ಅಲ್ಲೂ ಮೇಲ್ಭಾಗದಲ್ಲಿ ಭತ್ತ, ಅಲ್ಲೂ ಕೊನೆ ಭಾಗದ ಕೂಗು. ಆದರೆ ಇಷ್ಟರಲ್ಲಿ ಸಿಂಧನೂರಿನ ಎಕರೆ ಏನಾಯಿತೆಂದು ಸುತ್ತಿನ ಜಿಲ್ಲೆಗಳಿಗೆಲ್ಲ ಗೊತ್ತಾಗಿತ್ತು. ಹೊಲ ಮಾರದೆ ಕೆಲವು ವರ್ಷಕ್ಕೆ ಗುತ್ತಿಗೆ ಕೊಟ್ಟವರು, ಬಂದವನು ನೆಲ ಮಟ್ಟಮಾಡಿ ಗದ್ದೆ ಕಟ್ಟಿದ ಮೇಲೆ ಅವಧಿ ಮುಗಿಸಿ ತಾವೇ ನಾಟಿಗೆ ಇಳಿದವರು ಅಲ್ಲಿದ್ದರು. ಸುರಪುರದ ಅಂಥ ರೈತ ಕೊಳ್ಳಲು ಬಂದವನಿಗೆ ಮಣ್ಣಿನ ಬಣ್ಣ ಹೇಳಿ ಬೆಲೆ ಕೇಳಲಿಲ್ಲ; ತನ್ನ ಹೊಲ ನಾಲೆಯ ಎಷ್ಟನೇ ತೂಬಿನಲ್ಲಿದೆ ಎಂಬುದರಿಂದ ಮಾತು ಶುರುಮಾಡಬಲ್ಲವನಾಗಿದ್ದ.